ಆಸ್ತಿ ಇಳಿದದ್ದು ಶೇ. 18, ಷೇರು ಇಳಿದದ್ದು ಶೇ. 33

ಮೊದಲು ಎರಡು ಅಂಕಿ ಹೇಳಿಬಿಡ್ತೀನಿ. ಎಡಿನ್‌ಬರೋದಲ್ಲಿ ಸ್ಕಾಟಿಷ್ ಮಾರ್ಟ್‌ಗೇಜ್ ಅನ್ನೋ ಇನ್ವೆಸ್ಟ್‌ಮೆಂಟ್ ಟ್ರಸ್ಟ್ ಇದೆ. 2023ರ ಮಾರ್ಚ್ 31ಕ್ಕೆ ಮುಗಿದ ಹಣಕಾಸು ವರ್ಷದಲ್ಲಿ ಅದರ ಕೈಲಿದ್ದ ಆಸ್ತಿಯ ಮೌಲ್ಯ, ತಲಾ ಒಂದು ಷೇರಿನ ಲೆಕ್ಕದಲ್ಲಿ, ಸುಮಾರು ಶೇ. 18ರಷ್ಟು ಇಳಿಯಿತು. ಅದೇ ವರ್ಷ ಲಂಡನ್ ಪೇಟೆಯಲ್ಲಿ ಅದರ ಷೇರಿನ ಬೆಲೆ ಇಳಿದದ್ದು ಶೇ. 33ಕ್ಕೂ ಸ್ವಲ್ಪ ಹೆಚ್ಚು.

ಒಂದೇ ಕಂಪನಿ, ಒಂದೇ ವರ್ಷ. ಕಳ್ಳತನ ಆಗಿಲ್ಲ, ಲೆಕ್ಕ ತಪ್ಪಿಲ್ಲ. ಎರಡೂ ಸರಿಯಾದ ಅಂಕಿಗಳೇ. ಹಾಗಾದ್ರೆ ಮಧ್ಯದ ಆ ಶೇ. 15 ಎಲ್ಲಿ ಹೋಯ್ತು? ಅದನ್ನ ಹುಡುಕ್ತಾ ಹೋದ್ರೆ, ಈ ಟ್ರಸ್ಟ್‌ಗಳು ಷೇರುದಾರರಿಗೆ ಏನು ಹೇಳ್ತವೆ, ಅಪಾಯವನ್ನ ಹೇಗೆ ನಿಭಾಯಿಸ್ತವೆ ಅನ್ನೋದೆಲ್ಲ ತಾನಾಗೇ ಗೊತ್ತಾಗುತ್ತೆ.

ಇನ್ವೆಸ್ಟ್‌ಮೆಂಟ್ ಟ್ರಸ್ಟ್ ಅಂದ್ರೆ ಷೇರುಪೇಟೆಯಲ್ಲಿ ಪಟ್ಟಿಯಾದ ಒಂದು ಕಂಪನಿ. ಅದರ ಕಸುಬು ಬೇರೆ ಕಂಪನಿಗಳ ಷೇರು ಕೊಂಡು ಇಟ್ಟುಕೊಳ್ಳೋದು. ಈಗಲೂ ನಡೀತಿರೋ ಇಂಥ ಟ್ರಸ್ಟ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು 1868ರಲ್ಲಿ ಲಂಡನ್‌ನಲ್ಲಿ ಶುರುವಾದ ಫಾರಿನ್ ಅಂಡ್ ಕಲೋನಿಯಲ್. ಸ್ಕಾಟಿಷ್ ಮಾರ್ಟ್‌ಗೇಜ್ ಹುಟ್ಟಿದ್ದು 1909ರಲ್ಲಿ, ಮಲಯದ ರಬ್ಬರ್ ತೋಟದವರಿಗೆ ಸಾಲ ಕೊಡೋದಕ್ಕೆ. ಫೋರ್ಡ್ ಕಾರು ಆಗತಾನೇ ಬಂದಿತ್ತು, ಟೈರಿಗೆ ರಬ್ಬರ್ ಬೇಕಿತ್ತು. ಮುಂದೆ ಅದೇ ಟ್ರಸ್ಟ್ ಟೆಸ್ಲಾ, ಮಾಡರ್ನಾ, ಸ್ಪೇಸ್‌ಎಕ್ಸ್ ಷೇರು ಕೊಂಡಿತು.

ಇಲ್ಲಿ ಎರಡು ಗುಂಪಿನ ಜನ ಇದ್ದಾರೆ, ಅದನ್ನ ಬೇರೆ ಬೇರೆಯಾಗಿ ನೋಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿರೋರಿಗೆ ಇದು ಸುಲಭ. ಫ್ಲ್ಯಾಟ್ ಮಾಲೀಕರೆಲ್ಲ ಸೇರಿ ಒಂದು ಅಸೋಸಿಯೇಷನ್, ಅದಕ್ಕೊಂದು ಕಮಿಟಿ. ಆ ಕಮಿಟಿ ಮೇಂಟೆನೆನ್ಸ್ ಏಜೆನ್ಸಿಯೊಂದನ್ನ ನೇಮಿಸುತ್ತೆ. ಏಜೆನ್ಸಿ ಸರಿಯಿಲ್ಲ ಅಂದ್ರೆ ಬದಲಾಯಿಸಬಹುದು, ಕಟ್ಟಡ ಎಲ್ಲಿಗೂ ಹೋಗಲ್ಲ. ಟ್ರಸ್ಟಿನಲ್ಲೂ ಹಾಗೇ. ಷೇರುದಾರರು ಆರಿಸಿದ ನಿರ್ದೇಶಕ ಮಂಡಳಿ ಒಂದು ಕಡೆ, ಅವರು ಸಂಬಳಕ್ಕಿಟ್ಟ ಫಂಡ್ ಮ್ಯಾನೇಜರ್ ಇನ್ನೊಂದು ಕಡೆ. ಸ್ಕಾಟಿಷ್ ಮಾರ್ಟ್‌ಗೇಜ್‌ಗೆ ಆ ಮ್ಯಾನೇಜರ್ ಬೇಲಿ ಗಿಫರ್ಡ್ ಸಂಸ್ಥೆ. ನಮ್ಮ ಮ್ಯೂಚುವಲ್ ಫಂಡ್‌ನಲ್ಲೂ ಟ್ರಸ್ಟಿಗಳು ಇರ್ತಾರೆ ನಿಜ. ಆದರೆ ಅವರಿಗೆ ಮತ ಹಾಕಿದ ನೆನಪು ನಿಮಗೆ ಯಾರಿಗಾದ್ರೂ ಇದೆಯಾ?

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಮ್ಯೂಚುವಲ್ ಫಂಡ್‌ಗೆ ಹೋಗಿ ದುಡ್ಡು ವಾಪಸ್ ಕೊಡಿ ಅಂದ್ರೆ ಫಂಡೇ ಕೊಡಬೇಕು. ಟ್ರಸ್ಟ್‌ನಲ್ಲಿ ಹಾಗಿಲ್ಲ. ಹೊರಗೆ ಬರಬೇಕು ಅಂದ್ರೆ ನಿಮ್ಮ ಷೇರನ್ನ ಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಬೇಕು. ಟ್ರಸ್ಟಿನ ಗಂಟಿನಿಂದ ಒಂದು ಪೈಸೆಯೂ ಹೊರಗೆ ಬರಲ್ಲ.

ಇದರಿಂದ ಏನು ಲಾಭ ಅನ್ನೋದು 2019ರ ಜೂನ್ 3ರಂದು ಬ್ರಿಟನ್‌ಗೆ ಕಂಡಿತು. ನೀಲ್ ವುಡ್‌ಫರ್ಡ್ ಆಗ ಅಲ್ಲಿನ ಹೆಸರಾಂತ ಫಂಡ್ ಮ್ಯಾನೇಜರ್. ಅವರ ಇಕ್ವಿಟಿ ಇನ್‌ಕಮ್ ಫಂಡ್‌ನಿಂದ ಕೆಂಟ್ ಕೌಂಟಿ ಕೌನ್ಸಿಲ್‌ನ ಪಿಂಚಣಿ ನಿಧಿ ತನ್ನ 25 ಕೋಟಿ ಪೌಂಡ್‌ಗೂ ಹೆಚ್ಚು ಹಣ ವಾಪಸ್ ಕೇಳಿತು. ಆ ಫಂಡ್‌ನಲ್ಲಿ ಬೇಗ ಮಾರೋಕಾಗದ ಸಣ್ಣಪುಟ್ಟ ಮತ್ತು ಪಟ್ಟಿಯಾಗದ ಕಂಪನಿಗಳು ತುಂಬಿದ್ದವು. ಫಂಡ್ ಬಾಗಿಲು ಹಾಕಿತು. ಲಕ್ಷಾಂತರ ಜನರ ದುಡ್ಡು ಒಳಗೇ ಉಳಿಯಿತು. ಅದೇ ವುಡ್‌ಫರ್ಡ್ ಅವರದ್ದೇ ಪೇಷಂಟ್ ಕ್ಯಾಪಿಟಲ್ ಅನ್ನೋ ಟ್ರಸ್ಟ್ ಕೂಡ ಇತ್ತು, ಅದರಲ್ಲೂ ಅಂಥದೇ ಕಂಪನಿಗಳು. ಅದರ ಷೇರು ಪಾತಾಳಕ್ಕೆ ಬಿತ್ತು, ಆದರೆ ವ್ಯಾಪಾರ ನಿಲ್ಲಲಿಲ್ಲ. ಮಂಡಳಿ ಹೊಸ ಮ್ಯಾನೇಜರ್‌ನ ಹುಡುಕಿತು. ವರ್ಷದ ಕೊನೆಗೆ ಟ್ರಸ್ಟನ್ನ ಶ್ರೋಡರ್ಸ್ ಸಂಸ್ಥೆಯ ಕೈಗೆ ಕೊಟ್ಟಿತು.

ನಮಗೆ ಇದು ದೂರದ ಕಥೆ ಅಲ್ಲ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಅನ್ನೋ ಮ್ಯೂಚುವಲ್ ಫಂಡ್ ಸಂಸ್ಥೆ ಭಾರತದಲ್ಲಿ ತನ್ನ ಆರು ಸಾಲಪತ್ರ ಯೋಜನೆಗಳನ್ನ ಮುಚ್ಚಿದಾಗ ಸುಮಾರು 25,000 ಕೋಟಿ ರೂಪಾಯಿ ಸಿಕ್ಕಿಕೊಂಡಿತು. ಆ ಕುರಿತ ಮೊಕದ್ದಮೆಯ ವಿಚಾರಣೆ ನಡೆದದ್ದು ಕರ್ನಾಟಕ ಹೈಕೋರ್ಟಿನಲ್ಲಿ. ಯೋಜನೆ ಮುಚ್ಚೋಕೆ ಯೂನಿಟ್‌ದಾರರ ಬಹುಮತದ ಒಪ್ಪಿಗೆ ಬೇಕು ಅಂತ ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಆ ಒಪ್ಪಿಗೆ ಬೇಕೇ ಬೇಕು ಅನ್ನೋದನ್ನ ಮುಂದೆ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು.

ಸರಿ, ಟ್ರಸ್ಟ್ ಆದ್ರೆ ಬಾಗಿಲು ಹಾಕೋ ಭಯ ಇಲ್ಲ. ಹಾಗಂತ ಅಪಾಯ ಹೋಯ್ತಾ? ಇಲ್ಲ, ಅದು ಜಾಗ ಬದಲಾಯಿಸಿತು. ಎಲ್ಲರೂ ಒಟ್ಟಿಗೆ ಮಾರೋಕೆ ನಿಂತಾಗ ಮ್ಯಾನೇಜರ್ ಆರಾಮಾಗಿ ಕೂತಿರ್ತಾನೆ, ಷೇರಿನ ಬೆಲೆ ಮಾತ್ರ ಆಸ್ತಿ ಮೌಲ್ಯಕ್ಕಿಂತ ಕೆಳಗೆ ಜಾರುತ್ತೆ. ಇದಕ್ಕೆ ಡಿಸ್ಕೌಂಟ್ ಅಂತಾರೆ. ಮೊದಲು ಹೇಳಿದ ಶೇ. 15 ಅಲ್ಲೇ ಹೋದದ್ದು. ಬಡ್ಡಿ ದರ ಏರ್ತಿತ್ತು, ಪಟ್ಟಿಯಾಗದ ಕಂಪನಿಗಳ ಮೌಲ್ಯದ ಮೇಲೆ ಜನಕ್ಕೆ ನಂಬಿಕೆ ಕಡಿಮೆಯಾಗಿತ್ತು. ನೀವು ಹೇಳೋ ಬೆಲೆಯನ್ನ ನಾವು ಒಪ್ಪಲ್ಲ ಅಂತ ಪೇಟೆ ಹೇಳಿತು, ಅಷ್ಟೇ.

ಈಗ ವರದಿಗಳಿಗೆ ಬರೋಣ. ಬಹುತೇಕ ಟ್ರಸ್ಟ್‌ಗಳು ಪ್ರತಿ ಕೆಲಸದ ದಿನ ತಮ್ಮ ನಿವ್ವಳ ಆಸ್ತಿ ಮೌಲ್ಯ, ಅಂದ್ರೆ ಎನ್‌ಎವಿ, ಪ್ರಕಟಿಸ್ತವೆ. ತಿಂಗಳಿಗೊಂದು ಸಣ್ಣ ಮಾಹಿತಿ ಪತ್ರ ಬರುತ್ತೆ. ಅರ್ಧವಾರ್ಷಿಕ ವರದಿ ಮೂರು ತಿಂಗಳೊಳಗೆ, ವಾರ್ಷಿಕ ವರದಿ ನಾಲ್ಕು ತಿಂಗಳೊಳಗೆ ಬರಲೇಬೇಕು ಅಂತ ನಿಯಮ. ಆಮೇಲೆ ಎಜಿಎಂ, ಅಂದ್ರೆ ಷೇರುದಾರರ ವಾರ್ಷಿಕ ಸಭೆ.

ವಾರ್ಷಿಕ ವರದಿ ನೂರು ಪುಟದ ಹೊತ್ತಿಗೆ. ಮೊದಲಿಗೆ ಅಧ್ಯಕ್ಷರ ಮಾತು, ಆಮೇಲೆ ಮ್ಯಾನೇಜರ್‌ನ ಮಾತು. ಮ್ಯಾನೇಜರ್ ಬರೆದದ್ದು ಓದೋಕೆ ಚೆನ್ನಾಗಿರುತ್ತೆ, ಭವಿಷ್ಯ, ತಂತ್ರಜ್ಞಾನ, ತಾಳ್ಮೆ ಎಲ್ಲ ಅಲ್ಲಿರುತ್ತೆ. ಅದನ್ನ ಕೊನೆಗೆ ಓದಿದ್ರೆ ಸಾಕು ಅನ್ನೋದು ನನ್ನ ಅಭಿಪ್ರಾಯ.

ನಂತರ ಪ್ರಮುಖ ಅಪಾಯಗಳ ಕೋಷ್ಟಕ. ಪೇಟೆ ಬೀಳಬಹುದು, ಮ್ಯಾನೇಜರ್ ಬಿಟ್ಟುಹೋಗಬಹುದು, ಕಾನೂನು ಬದಲಾಗಬಹುದು, ಸೈಬರ್ ದಾಳಿ ಆಗಬಹುದು. ಒಂದೊಂದರ ಮುಂದೆ ಅದಕ್ಕೆ ಮಂಡಳಿ ಏನು ಮಾಡ್ತಿದೆ ಅಂತ ಒಂದು ಸಾಲು, ಕೆಲವು ಕಡೆ ಅಪಾಯ ಏರಿದೆಯಾ ಇಳಿದಿದೆಯಾ ಅಂತ ಒಂದು ಬಾಣದ ಗುರುತು. ನಿಜ ಹೇಳ್ತೀನಿ, ಹತ್ತು ಟ್ರಸ್ಟ್‌ಗಳ ಕೋಷ್ಟಕ ತಂದು ಹೆಸರು ಅಳಿಸಿದ್ರೆ ಯಾವುದು ಯಾರದ್ದು ಅಂತ ಹೇಳೋದು ಕಷ್ಟ. ಅದಕ್ಕೇ ಕಳೆದ ವರ್ಷದ ವರದಿಯನ್ನ ಪಕ್ಕದಲ್ಲಿಟ್ಟು ಓದಬೇಕು. ಯಾವ ಸಾಲು ಹೊಸದಾಗಿ ಸೇರಿತು, ಯಾವ ಬಾಣ ತಿರುಗಿತು, ಯಾವುದು ಸದ್ದಿಲ್ಲದೆ ಮಾಯವಾಯಿತು ಅಂತ ನೋಡಬೇಕು. ಮಂಡಳಿ ನಿಜವಾಗಿ ಯೋಚನೆ ಮಾಡಿದ ಜಾಗ ಆ ಬದಲಾವಣೆಗಳಲ್ಲೇ ಇರೋದು.

ನನಗೆ ತುಂಬ ಇಷ್ಟವಾದ ಭಾಗ ಆಡಿಟರ್ ವರದಿ. ಯಾರೂ ಓದಲ್ಲ, ಆದ್ರೆ ಅಷ್ಟು ನೇರವಾದ ಬರವಣಿಗೆ ಆ ಹೊತ್ತಿಗೆಯಲ್ಲಿ ಇನ್ನೆಲ್ಲೂ ಇಲ್ಲ. ಈ ಕಂಪನಿಯ ಲೆಕ್ಕದಲ್ಲಿ ನಮಗೆ ಅತಿ ಹೆಚ್ಚು ಚಿಂತೆ ತಂದ ವಿಷಯ ಯಾವುದು, ಅದನ್ನ ಹೇಗೆ ಪರೀಕ್ಷಿಸಿದೆವು ಅಂತ ಅವರು ಬರೀಬೇಕು. ಪಟ್ಟಿಯಾಗದ ಕಂಪನಿಗಳಿರೋ ಟ್ರಸ್ಟ್‌ನಲ್ಲಿ ಆ ಚಿಂತೆ ಸಾಮಾನ್ಯವಾಗಿ ಅವುಗಳ ಮೌಲ್ಯದ್ದೇ. ಜೊತೆಗೆ, ಎಷ್ಟು ಮೊತ್ತದ ವ್ಯತ್ಯಾಸವನ್ನ ದೊಡ್ಡದು ಅಂತ ಪರಿಗಣಿಸಿದೆವು ಅನ್ನೋದನ್ನೂ ಹೇಳ್ತಾರೆ. ಬಹಳಷ್ಟು ಟ್ರಸ್ಟ್‌ಗಳಿಗೆ ಅದು ನಿವ್ವಳ ಆಸ್ತಿಯ ಶೇ. 1ರ ಆಸುಪಾಸು. ಆಸ್ತಿ ಸಾವಿರ ಕೋಟಿ ಪೌಂಡ್ ಇದ್ರೆ, ಹತ್ತು ಕೋಟಿ ಪೌಂಡ್‌ವರೆಗಿನ ಏರುಪೇರು ಒಟ್ಟು ಚಿತ್ರವನ್ನ ಕೆಡಿಸಲ್ಲ ಅಂತ ಅರ್ಥ. ಎನ್‌ಎವಿ ಪೆನ್ಸಿನವರೆಗೆ ಕರಾರುವಾಕ್ಕು ಅಂದುಕೊಂಡಿದ್ರೆ ಇಲ್ಲಿ ಒಮ್ಮೆ ಕಣ್ಣಾಡಿಸಿ.

ಪಟ್ಟಿಯಾಗದ ಕಂಪನಿಗೆ ಬೆಲೆ ಕಟ್ಟೋದು ಯಾರು? ಪೇಟೆಯಲ್ಲಿ ಬೆಲೆ ಇಲ್ಲ, ಅಂದಾಜೇ ಗತಿ. ಹೂಡಿಕೆ ಮಾಡಿದವನೇ ಅಂಕ ಹಾಕಿಕೊಳ್ಳಬಾರದು ಅಂತ ಬೆಲೆ ಕಟ್ಟೋಕೆ ಬೇರೆ ತಂಡ ಇಡ್ತಾರೆ, ಹೊರಗಿನ ಸಂಸ್ಥೆಯ ನೆರವು ತಗೊಳ್ತಾರೆ, ಆಮೇಲೆ ಮಂಡಳಿಯ ಆಡಿಟ್ ಸಮಿತಿ ನೋಡುತ್ತೆ. ಇದರ ಮೇಲೆ ಸ್ಕಾಟಿಷ್ ಮಾರ್ಟ್‌ಗೇಜ್ ಒಂದು ಮಿತಿಯನ್ನೂ ಹಾಕಿಕೊಂಡಿತ್ತು. ಕೊಳ್ಳುವ ಹೊತ್ತಿಗೆ ಇಂಥ ಕಂಪನಿಗಳು ಒಟ್ಟು ಆಸ್ತಿಯ ಶೇ. 30 ಮೀರಬಾರದು. ಮಿತಿ ಚೆನ್ನಾಗೇ ಇತ್ತು. ಆದರೆ ಪಟ್ಟಿಯಾದ ಷೇರುಗಳು ಬಿದ್ದಾಗ, ಏನೂ ಕೊಳ್ಳದೇ ಇದ್ರೂ, ಪಟ್ಟಿಯಾಗದವುಗಳ ಪಾಲು ತಾನಾಗೇ ಏರುತ್ತೆ. 2023ರಲ್ಲಿ ಅದು ಮಿತಿಯ ಹತ್ತಿರಕ್ಕೆ ಬಂತು. ಕೈಲಿರೋ ಕಂಪನಿಗೆ ಮತ್ತಷ್ಟು ಬಂಡವಾಳ ಬೇಕಾದಾಗಲೇ ಕೊಡೋಕೆ ಜಾಗ ಇಲ್ಲದ ಸ್ಥಿತಿ.

ಅದೇ ವರ್ಷದ ಮಾರ್ಚ್‌ನಲ್ಲೇ ಮಂಡಳಿಯೊಳಗಿನ ಜಗಳ ಬೀದಿಗೆ ಬಂತು. ನಿರ್ದೇಶಕರಲ್ಲಿ ಒಬ್ಬರಾದ, ಭಾರತ ಮೂಲದ ಪ್ರಾಧ್ಯಾಪಕ ಅಮರ್ ಭಿಡೆ, ಇಂಥ ಕಂಪನಿಗಳ ಮೇಲೆ ನಿಗಾ ಇಡುವ ಸಾಮರ್ಥ್ಯ ಸಾಲದು, ಹೊಸ ನಿರ್ದೇಶಕರನ್ನ ಆರಿಸುವ ರೀತಿ ಸರಿಯಿಲ್ಲ ಅಂತ ಪತ್ರಿಕೆಗೆ ಹೇಳಿದರು. ಅವರು ಮಂಡಳಿ ಬಿಟ್ಟರು. 2009ರಿಂದ ಮಂಡಳಿಯಲ್ಲಿದ್ದ ಅಧ್ಯಕ್ಷೆ ಫಿಯೋನಾ ಮೆಕ್‌ಬೇನ್ ಕೂಡ ಇಳಿಯುವುದಾಗಿ ಪ್ರಕಟಣೆ ಬಂತು. ಬ್ರಿಟನ್‌ನಲ್ಲಿ ಒಬ್ಬ ನಿರ್ದೇಶಕ 9 ವರ್ಷ ದಾಟಿದ್ರೆ ಸ್ವತಂತ್ರ ಅಂತ ಹೇಳೋದು ಕಷ್ಟ ಅನ್ನೋ ವಾಡಿಕೆ ಇದೆ. ಜಗಳದಲ್ಲಿ ಯಾರು ಸರಿ ಅಂತ ನಾನು ತೀರ್ಪು ಕೊಡಲ್ಲ. ಆದರೆ ಯಾರು ಎಷ್ಟು ವರ್ಷದಿಂದ ಕೂತಿದ್ದಾರೆ, ಸ್ವಂತ ದುಡ್ಡಿನಿಂದ ಎಷ್ಟು ಷೇರು ಇಟ್ಟಿದ್ದಾರೆ ಅನ್ನೋದು ಪ್ರತಿ ವಾರ್ಷಿಕ ವರದಿಯಲ್ಲೂ ಅಚ್ಚಾಗಿರುತ್ತೆ. ಹುಡುಕೋಕೆ ಐದು ನಿಮಿಷ ಸಾಕು.

ಅಂದಾಜು ತಪ್ಪೋದೂ ಉಂಟು. ಸ್ವೀಡನ್ನಿನ ಬ್ಯಾಟರಿ ಕಂಪನಿ ನಾರ್ತ್‌ವೋಲ್ಟ್‌ನಲ್ಲಿ ಈ ಟ್ರಸ್ಟ್ ಹಣ ಹಾಕಿತ್ತು. 2025ರ ಮಾರ್ಚ್‌ನಲ್ಲಿ ನಾರ್ತ್‌ವೋಲ್ಟ್ ದಿವಾಳಿ ಎದ್ದಿತು.

ಇನ್ನು ಸಾಲ. ಟ್ರಸ್ಟ್‌ಗಳು ಸಾಲ ಮಾಡಿ ಷೇರು ಕೊಳ್ಳಬಹುದು, ಅದಕ್ಕೆ ಗೇರಿಂಗ್ ಅಂತ ಹೆಸರು. ಸ್ವಂತದ್ದು 100, ಸಾಲ 15, ಒಟ್ಟು 115 ಹೂಡಿದ್ದೀರಿ ಅಂದುಕೊಳ್ಳಿ. ಪೇಟೆ ಶೇ. 20 ಬಿತ್ತು. ಉಳಿದದ್ದು 92. ಸಾಲ ಕೊಟ್ಟವನ 15 ಹಾಗೇ ಇದೆ, ಅದು ಬೀಳಲ್ಲ. ನಿಮಗೆ ಉಳಿದದ್ದು 77. ಪೇಟೆ ಕಳೆದುಕೊಂಡದ್ದು 20, ನೀವು ಕಳೆದುಕೊಂಡದ್ದು 23, ಬಡ್ಡಿ ಬೇರೆ. ಇದರ ಮೇಲೆ ಡಿಸ್ಕೌಂಟ್ ಕೂಡ ಹಿಗ್ಗಿದ್ರೆ? ಪೇಟೆಯ ಕುಸಿತ, ಸಾಲದ ಹೊರೆ, ಡಿಸ್ಕೌಂಟ್ ಮೂರೂ ಒಟ್ಟಿಗೆ ಬರೋದು ಕೆಟ್ಟ ಕಾಲದಲ್ಲೇ. 2001, 2002ರ ಸುಮಾರಿಗೆ ಬ್ರಿಟನ್ನಿನ ಸ್ಪ್ಲಿಟ್ ಕ್ಯಾಪಿಟಲ್ ಅನ್ನೋ ಬಗೆಯ ಟ್ರಸ್ಟ್‌ಗಳು ಬ್ಯಾಂಕ್ ಸಾಲ ತಗೊಂಡು ಒಂದರ ಷೇರನ್ನ ಇನ್ನೊಂದು ಕೊಂಡುಕೊಂಡು ಕೂತಿದ್ದವು. ಒಂದು ಬಿದ್ದಾಗ ಸಾಲಾಗಿ ಬಿದ್ದವು. ಕೊನೆಗೆ 2004ರಲ್ಲಿ ಸಂಬಂಧಪಟ್ಟ ಸಂಸ್ಥೆಗಳು ಹೂಡಿಕೆದಾರರ ಪರಿಹಾರಕ್ಕೆ 19.4 ಕೋಟಿ ಪೌಂಡ್ ಕೊಡೋಕೆ ಒಪ್ಪಿದವು. ಹಾಗಾಗಿ ವರದಿಯಲ್ಲಿ ಗೇರಿಂಗ್ ಎಷ್ಟು, ಅದರ ಮಿತಿ ಎಷ್ಟು, ಸಾಲ ಯಾವ ವರ್ಷ ತೀರಿಸಬೇಕು, ಈ ಮೂರನ್ನೂ ನೋಡಿ.

ಒಳ್ಳೆಯ ಸುದ್ದಿಯೂ ಒಂದಿದೆ. ಬರುವ ಡಿವಿಡೆಂಡ್ ಆದಾಯದಲ್ಲಿ ಶೇ. 15ರವರೆಗೆ ಟ್ರಸ್ಟ್ ಎತ್ತಿಡಬಹುದು. ಕೆಟ್ಟ ವರ್ಷದಲ್ಲಿ ಅದರಿಂದ ತೆಗೆದು ಷೇರುದಾರರಿಗೆ ಹಂಚುತ್ತೆ. ಸಿಟಿ ಆಫ್ ಲಂಡನ್ ಅನ್ನೋ ಟ್ರಸ್ಟ್ 1966ರಿಂದ ಪ್ರತಿ ವರ್ಷವೂ ಡಿವಿಡೆಂಡ್ ಏರಿಸಿಕೊಂಡೇ ಬಂದಿದೆ, ಕೋವಿಡ್ ವರ್ಷದಲ್ಲೂ.

ಡಿಸ್ಕೌಂಟ್‌ಗೆ ಮಂಡಳಿ ಏನು ಮಾಡಬಹುದು? ತನ್ನದೇ ಷೇರು ವಾಪಸ್ ಕೊಳ್ಳಬಹುದು. ಹತ್ತು ಷೇರು, ತಲಾ 100ರ ಆಸ್ತಿ, ಒಟ್ಟು 1,000. ಪೇಟೆ ಬೆಲೆ 80. ಒಂದು ಷೇರನ್ನ 80ಕ್ಕೆ ಕೊಂಡು ರದ್ದು ಮಾಡಿದ್ರೆ ಉಳಿದ ಒಂಬತ್ತು ಷೇರಿಗೆ 920, ಅಂದ್ರೆ ತಲಾ 102ಕ್ಕೂ ಹೆಚ್ಚು. ಉಳಿದವರಿಗೆ ಲಾಭ. ಸ್ಕಾಟಿಷ್ ಮಾರ್ಟ್‌ಗೇಜ್ 2024ರ ಮಾರ್ಚ್‌ನಲ್ಲಿ ಎರಡು ವರ್ಷದಲ್ಲಿ ಕನಿಷ್ಠ 100 ಕೋಟಿ ಪೌಂಡ್‌ನಷ್ಟು ಹೀಗೆ ಕೊಳ್ಳುವುದಾಗಿ ಹೇಳಿತು. ಅದೇ ತಿಂಗಳು ಎಲಿಯಟ್ ಅನ್ನೋ ಅಮೆರಿಕದ ಹೆಡ್ಜ್ ಫಂಡ್ ತನ್ನ ಬಳಿ ಸುಮಾರು ಶೇ. 5 ಪಾಲು ಇದೆ ಅಂತ ತಿಳಿಸಿತು. ಡಿಸ್ಕೌಂಟ್ ಬಹಳ ದಿನ ಹಾಗೇ ಇದ್ರೆ ಇಂಥವರು ಬಂದೇ ಬರ್ತಾರೆ.

ಇನ್ನೂ ಖಾರವಾದದ್ದು ಆಮೇಲೆ ನಡೀತು. 2024ರ ಡಿಸೆಂಬರ್‌ನಲ್ಲಿ ಸಾಬಾ ಕ್ಯಾಪಿಟಲ್ ಅನ್ನೋ ಇನ್ನೊಂದು ಅಮೆರಿಕದ ಫಂಡ್ ಏಳು ಬ್ರಿಟಿಷ್ ಟ್ರಸ್ಟ್‌ಗಳ ಮಂಡಳಿಯನ್ನೇ ಕಿತ್ತು ತನ್ನವರನ್ನ ಕೂರಿಸೋಕೆ ವಿಶೇಷ ಸಭೆ ಕರೆಸಿತು. ಶೇ. 5 ಮತ ಇದ್ರೆ ಅಲ್ಲಿ ಯಾರು ಬೇಕಾದ್ರೂ ಸಭೆ ಕೇಳಬಹುದು. ಆ ಏಳರಲ್ಲಿ ಒಂದಾದ ಹೆರಾಲ್ಡ್ ಟ್ರಸ್ಟ್‌ನಲ್ಲಿ ಸಾಬಾ ಬಳಿ ಶೇ. 30ರ ಹತ್ತಿರ ಷೇರು ಇದ್ದವು. ಚಲಾವಣೆಯಾದ ಮತದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಕ್ಕಿದ್ರೆ ಸಾಕು. ಲೆಕ್ಕ ಹಾಕಿ: ಉಳಿದವರಲ್ಲಿ ಬಹಳ ಜನ ಮತ ಹಾಕದೆ ಮನೇಲಿ ಕೂತಿದ್ರೆ ಸಾಬಾ ಗೆದ್ದೇ ಬಿಡ್ತಿತ್ತು. ಜನ ಕೂರಲಿಲ್ಲ. 2025ರ ಜನವರಿ 22ರಂದು ಹೆರಾಲ್ಡ್‌ನಲ್ಲಿ ಶೇ. 65 ಮತ ಸಾಬಾ ವಿರುದ್ಧ ಬಿತ್ತು, ಮಿಕ್ಕ ಆರು ಕಡೆಯೂ ಅದು ಸೋತಿತು.

ಲಂಡನ್, ರೆಡಿಂಗ್ ಕಡೆ ಇದ್ದು ಈ ಷೇರು ಇಟ್ಟಿರೋ ಕನ್ನಡಿಗರಿಗೆ ಒಂದು ಮಾತು. ನಾನು ಕೊಳ್ಳಿ, ಮಾರಿ ಅಂತ ಹೇಳ್ತಿಲ್ಲ. ಆನ್‌ಲೈನ್ ಪ್ಲಾಟ್‌ಫಾರ್ಮ್ ಮೂಲಕ ಕೊಂಡಿದ್ರೆ ಷೇರುದಾರರ ಪುಸ್ತಕದಲ್ಲಿ ಇರೋದು ಪ್ಲಾಟ್‌ಫಾರ್ಮ್‌ನ ಹೆಸರು, ನಿಮ್ಮದಲ್ಲ. ವರದಿ, ಸಭೆಯ ನೋಟಿಸು, ಮತಪತ್ರ ಎಲ್ಲ ಅಲ್ಲಿಗೇ ಹೋಗುತ್ತೆ. ಅಲ್ಲಿಂದ ನಿಮ್ಮ ತನಕ ಬರಬೇಕು ಅಂದ್ರೆ ಕೆಲವು ಕಡೆ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಕೇಳಬೇಕು. ಮುಂದಿನ ಎಜಿಎಂ ಬರೋದರೊಳಗೆ ನೋಡಿಬಿಡಿ.