ಉಗಿಬಂಡಿಗೆ ಚಂದಾ: ಕಷ್ಟಕಾಲದಲ್ಲೂ ಜನ ಯಾಕೆ ಕೊಡ್ತಾರೆ?

 

ಊರಲ್ಲಿ ತೇರಿನ ಗಾಲಿ ರಿಪೇರಿಗೋ, ಗಣೇಶನ ಹಬ್ಬಕ್ಕೋ ರಸೀದಿ ಪುಸ್ತಕ ಹಿಡಿದು ಮನೆ ಮನೆ ಸುತ್ತಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ. ಮಳೆ ಬೆಳೆ ಚೆನ್ನಾಗಿರೋ ವರ್ಷ ಚಂದಾ ಕೇಳೋದು ಸುಲಭ. ಬರ ಬಿದ್ದ ವರ್ಷ ಅದೇ ಬಾಗಿಲ ಮುಂದೆ ನಿಂತರೆ ಬಾಯೇ ಬರೋದಿಲ್ಲ. ಕೊಡುವವರಿಗಿಂತ ಕೇಳುವವರಿಗೇ ಹೆಚ್ಚು ಸಂಕೋಚ.

ಇದೇ ಸಂಕೋಚ 2022ರ ಚಳಿಗಾಲದಲ್ಲಿ ಬ್ರಿಟನ್ನಿನ ಹಳೇ ರೈಲು ಸಂಘಗಳಿಗೆ ಎದುರಾಯಿತು. ಆ ಹೊತ್ತಿಗೆ ಅಲ್ಲಿ ಹಣದುಬ್ಬರ ಶೇಕಡಾ 11 ದಾಟಿತ್ತು. ಸಾಧಾರಣ ಮನೆಯೊಂದರ ವರ್ಷದ ಗ್ಯಾಸ್ ಮತ್ತು ಕರೆಂಟ್ ಬಿಲ್ಲು ಹಿಂದಿನ ಚಳಿಗಾಲದಲ್ಲಿ 1,277 ಪೌಂಡ್ ಲೆಕ್ಕದಲ್ಲಿದ್ದದ್ದು 2,500 ಪೌಂಡ್‌ಗೆ ಏರಿತ್ತು. ಹೀಟರ್ ಹಾಕೋದಾ, ಊಟಕ್ಕೆ ಖರ್ಚು ಮಾಡೋದಾ ಅಂತ ಜನ ಲೆಕ್ಕ ಹಾಕ್ತಾ ಇದ್ದರು. ಅಂಥ ಹೊತ್ತಲ್ಲಿ, "ನಮ್ಮ ಉಗಿ ಎಂಜಿನ್ ಉಳಿಸಿಕೊಳ್ಳೋಕೆ ಏನಾದ್ರೂ ಕೊಡಿ" ಅಂತ ಕೇಳೋದು ಸರಿಯಾ? ಕೇಳಿದರೆ ಯಾರಾದರೂ ಕೊಡ್ತಾರಾ?

ಕೇಳಿದರು, ಜನ ಕೊಟ್ಟರು. ಯಾಕೆ ಕೊಟ್ಟರು, ಎಂಥದ್ದಕ್ಕೆ ಕೊಟ್ಟರು ಅನ್ನೋದೇ ಇವತ್ತಿನ ಮಾತು. ರೈಲಿನ ಹುಚ್ಚು ಇಲ್ಲದವರಿಗೂ ಇದರಲ್ಲಿ ವಿಷಯ ಇದೆ, ಸ್ವಲ್ಪ ಕೂತು ಕೇಳಿ.

ಮೊದಲು ಈ ಸಂಘಗಳು ಅಂದ್ರೆ ಏನು ಅಂತ ನೋಡೋಣ. ವೇಲ್ಸ್‌ನಲ್ಲಿ ಟಾಲಿಲಿನ್ ಅಂತ ಒಂದು ಪುಟ್ಟ ರೈಲು ಮಾರ್ಗ ಇದೆ. 1860ರ ದಶಕದಲ್ಲಿ ಬೆಟ್ಟದ ಗಣಿಯಿಂದ ಸ್ಲೇಟು ಕಲ್ಲು ಸಾಗಿಸೋಕೆ ಹಾಕಿದ್ದು. ಹಳಿಗಳ ನಡುವಿನ ಅಗಲ ಎರಡೂಕಾಲು ಅಡಿ ಅಷ್ಟೇ. ಗಣಿ ಮುಚ್ಚಿದ ಮೇಲೂ ಮಾಲೀಕರಾಗಿದ್ದ ಸರ್ ಹೆನ್ರಿ ಹೇಡನ್ ಜೋನ್ಸ್ ಹಠ ಹಿಡಿದು ರೈಲು ಓಡಿಸುತ್ತಾ ಇದ್ದರು. 1950ರಲ್ಲಿ ಅವರು ತೀರಿಕೊಂಡರು. ಇನ್ನು ಹಳಿ ಕಿತ್ತು ಗುಜರಿಗೆ ಹಾಕೋದೇ ಅನ್ನುವಾಗ ಎಲ್.ಟಿ.ಸಿ. ರೋಲ್ಟ್ ಅನ್ನುವ ಲೇಖಕರು ಮತ್ತು ಅವರ ಗೆಳೆಯರು ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಸಭೆ ಕರೆದರು. ಸಂಘ ಕಟ್ಟಿದರು. 1951ರ ಮೇ ತಿಂಗಳಲ್ಲಿ ಸ್ವಯಂಸೇವಕರೇ ರೈಲು ಓಡಿಸಿದರು. ಓಡುವ ಸ್ಥಿತಿಯಲ್ಲಿದ್ದ ಎಂಜಿನ್ ಆಗ ಒಂದೇ ಒಂದು.

ಕಾಲ ಎಂಥದ್ದಿತ್ತು ಗಮನಿಸಿ. ಯುದ್ಧ ಮುಗಿದು ಆರು ವರ್ಷ. ಮಾಂಸ, ಸಕ್ಕರೆಗೆ ಇನ್ನೂ ರೇಷನ್. ಅಂದ್ರೆ ಈ ಇಡೀ ಚಳವಳಿ ಹುಟ್ಟಿದ್ದೇ ಕಷ್ಟಕಾಲದಲ್ಲಿ. ಕೈಯಲ್ಲಿ ಕಾಸು ಓಡಾಡುವಾಗ ಶುರುವಾದ ಶೋಕಿ ಅಲ್ಲ ಇದು. ಥಾಮಸ್ ಎಂಬ ನೀಲಿ ಎಂಜಿನ್ನಿನ ಕಥೆ ನಿಮ್ಮ ಮನೆ ಮಕ್ಕಳಿಗೆ ಗೊತ್ತಿರುತ್ತೆ ಅಲ್ವಾ? ಅದನ್ನು ಬರೆದ ಪಾದ್ರಿ ಆಡ್ರಿ ಅವರು ಇದೇ ಟಾಲಿಲಿನ್‌ನಲ್ಲಿ ಮೊದಮೊದಲು ಬಂದು ದುಡಿದ ಸ್ವಯಂಸೇವಕರಲ್ಲಿ ಒಬ್ಬರು.

ಇವತ್ತು ಬ್ರಿಟನ್ನಿನಲ್ಲಿ ಇಂಥ ಪಾರಂಪರಿಕ ರೈಲುಗಳು ನೂರಕ್ಕೂ ಹೆಚ್ಚಿವೆ. ಸುಮಾರು 22,000 ಸ್ವಯಂಸೇವಕರು ದುಡೀತಾರೆ. ನಿವೃತ್ತ ಮೇಷ್ಟ್ರು ಟಿಕೆಟ್ ಹರಿದುಕೊಡ್ತಾರೆ, ಬ್ಯಾಂಕಿನವರು ರಜೆ ಹಾಕಿ ಬಂದು ಕಲ್ಲಿದ್ದಲು ಎಸೀತಾರೆ.

ಸಂಬಳ ಇಲ್ಲ ಅಂದ ಮೇಲೆ ಖರ್ಚೇನು ಅಂತ ಕೇಳಬಹುದು. ಖರ್ಚು ಅಲ್ಲೇ ಇರೋದು. ಉಗಿ ಎಂಜಿನ್ ನಿಂತರೂ ತಿನ್ನುತ್ತೆ, ಓಡಿದರೂ ತಿನ್ನುತ್ತೆ, ಆನೆ ಸಾಕಿದ ಹಾಗೆ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಬಾಯ್ಲರ್ ಇಳಿಸಿ, ಬಿಚ್ಚಿ, ಕೊಳವೆಗಳನ್ನು ಬದಲಾಯಿಸಿ, ತಪಾಸಣೆ ಪಾಸಾದರೆ ಮಾತ್ರ ಮತ್ತೆ ಓಡಿಸುವ ಹಾಗಿರುತ್ತೆ. ಒಂದೊಂದು ಎಂಜಿನ್ನಿಗೂ ಲಕ್ಷಗಟ್ಟಲೆ ಪೌಂಡ್ ಬೇಕು. ಜೊತೆಗೆ ಸೇತುವೆ, ಸಿಗ್ನಲ್, ವಿಮೆ. ಇದಕ್ಕೆಲ್ಲ ಆದಾಯ ಬರೋದು ಈಸ್ಟರ್ ರಜೆಯಿಂದ ಬೇಸಿಗೆ ಮುಗಿಯುವವರೆಗಿನ ಟಿಕೆಟ್‌ನಿಂದ, ಆಮೇಲೆ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳಿಗಾಗಿ ಓಡಿಸುವ ಸಾಂತಾ ರೈಲಿನಿಂದ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂತು. ಸರಿಯಾಗಿ ಈಸ್ಟರ್ ಮುಂದಿದ್ದಾಗ ಬಾಗಿಲು ಹಾಕಬೇಕಾಯಿತು. ಚಳಿಗಾಲ ಪೂರ್ತಿ ರಿಪೇರಿಗೆ ಸುರಿದು ಕೈ ಖಾಲಿಯಾಗಿರೋ ಸಮಯ ಅದು. ನಮ್ಮ ರೈತರಿಗೆ ಹೇಳೋದಾದರೆ, ಬಿತ್ತನೆಗೆಲ್ಲ ಖರ್ಚು ಮಾಡಿಯಾಗಿದೆ, ಕುಯ್ಲಿನ ದಿನ ಹೊಲಕ್ಕೆ ಇಳಿಯಬೇಡಿ ಅಂದ ಹಾಗೆ. ಸರ್ಕಾರ 157 ಕೋಟಿ ಪೌಂಡ್‌ಗಳ ಸಂಸ್ಕೃತಿ ಪುನಶ್ಚೇತನ ನಿಧಿ ಘೋಷಿಸಿತು. ನಾಟಕ ಮಂದಿರ, ವಸ್ತುಸಂಗ್ರಹಾಲಯಗಳ ಜೊತೆ ರೈಲುಗಳಿಗೂ ಪಾಲು ಬಂತು. ಸೆವೆರ್ನ್ ವ್ಯಾಲಿ ರೈಲ್ವೆಗೆ ಸುಮಾರು 9 ಲಕ್ಷ ಪೌಂಡ್ ಸಿಕ್ಕಿತು. ಆದರೆ ಸರ್ಕಾರದ ಹಣ ಒಂದು ಸಲ ಬರುತ್ತೆ, ಹೋಗುತ್ತೆ. ಎರಡು ವರ್ಷಕ್ಕೆ ಉಕ್ರೇನ್ ಯುದ್ಧ ಶುರುವಾಯಿತು. ರಷ್ಯಾದ ಕಲ್ಲಿದ್ದಲು ನಿಂತಿತು, ಬೆಲೆ ಗಗನಕ್ಕೆ ಹೋಯಿತು. 2023ರ ಕೊನೆಗೆ ವೇಲ್ಸ್‌ನ ಫೋಸ್-ಎ-ಫ್ರಾನ್ ತೆರೆದ ಗಣಿಯೂ ಮುಚ್ಚಿತು. ಕಲ್ಲಿದ್ದಲಿನ ನಾಡು ಅನಿಸಿಕೊಂಡ ಕಡೆ ಉಗಿಬಂಡಿಗೆ ಕಲ್ಲಿದ್ದಲನ್ನು ಹೊರಗಿನಿಂದ ತರಿಸುವ ಕಾಲ ಬಂತು.

ಈಗ ಚಂದಾ ವಿಚಾರಕ್ಕೆ ಬರೋಣ. ಜನ ಎಂಥದ್ದಕ್ಕೆ ಕೊಡ್ತಾರೆ? ಎರಡು ಎಂಜಿನ್ನುಗಳ ಕಥೆ ಹೇಳ್ತೀನಿ.

ಒಂದು, ಜಗತ್ಪ್ರಸಿದ್ಧ ಫ್ಲೈಯಿಂಗ್ ಸ್ಕಾಟ್ಸ್‌ಮನ್. 1923ರಲ್ಲಿ ಕಟ್ಟಿದ್ದು. 2004ರಲ್ಲಿ ಅದು ಮಾರಾಟಕ್ಕೆ ಬಂದಾಗ ದೇಶವೇ ಎದ್ದು ಕೂತಿತು. ಜನರ ದೇಣಿಗೆ ಬಂತು, ದೊಡ್ಡ ಪಾಲು ಪಾರಂಪರಿಕ ನಿಧಿಯಿಂದ ಬಂತು, ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯ ಸುಮಾರು 23 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ? ರಿಪೇರಿಗೆ ಒಳಗೆ ಹೋದ ಎಂಜಿನ್ ಹೊರಗೆ ಬಂದಿದ್ದು 2016ರಲ್ಲಿ. ಅದಕ್ಕೆ ತಗುಲಿದ್ದು 42 ಲಕ್ಷ ಪೌಂಡ್. ಕೊಂಡಿದ್ದಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು. ಮದುವೆಗೆ ಸಾಲ ಸಿಗುತ್ತೆ, ಸಂಸಾರಕ್ಕೆ ಸಿಗಲ್ಲ ಅನ್ನೋ ಹಾಗಾಯಿತು ಇದು.

ಇನ್ನೊಂದು, ಟೊರ್ನೇಡೊ. ಎ1 ಎನ್ನುವ ಮಾದರಿಯ 49 ಎಂಜಿನ್ನುಗಳಿದ್ದವು, 1960ರ ದಶಕದಲ್ಲಿ ಒಂದನ್ನೂ ಬಿಡದೆ ಗುಜರಿಗೆ ಹಾಕಿದರು. ಉಳಿಸೋಕೆ ಏನೂ ಇಲ್ಲ ಅಂದಾಗ 1990ರಲ್ಲಿ ಒಂದಿಷ್ಟು ಜನ ಸೇರಿ, ಹೊಸದಾಗಿಯೇ ಒಂದು ಕಟ್ಟೋಣ ಅಂದರು. ನಗೆಪಾಟಲಿನ ಮಾತು ಅನಿಸುತ್ತೆ ಅಲ್ವಾ? ಅವರು ಶ್ರೀಮಂತರ ಮನೆ ಬಾಗಿಲು ಕಾಯುತ್ತಾ ಕೂರಲಿಲ್ಲ. ಸಾಮಾನ್ಯರಿಗೆ ಹೇಳಿದ್ದು ಇಷ್ಟೇ: ವಾರಕ್ಕೆ ಒಂದು ಲೋಟ ಬಿಯರ್‌ನ ದುಡ್ಡು ಕೊಡಿ. ಅವತ್ತಿನ ಲೆಕ್ಕದಲ್ಲಿ ಒಂದೂಕಾಲು ಪೌಂಡ್. ಆದರೆ ಪ್ರತಿ ವಾರ ಕೊಡಿ, ನಿಲ್ಲಿಸಬೇಡಿ. ಹನಿ ಹನಿ ಕೂಡಿ ಹಳ್ಳ ಆಯಿತು. ಜರ್ಮನಿಯ ಮೈನಿಂಗೆನ್‌ನಲ್ಲಿ ಬಾಯ್ಲರ್ ಮಾಡಿಸಿದರು. ಡಾರ್ಲಿಂಗ್ಟನ್‌ನಲ್ಲಿ ಜೋಡಿಸಿದರು. ಸುಮಾರು 30 ಲಕ್ಷ ಪೌಂಡ್ ಖರ್ಚಿನಲ್ಲಿ 2008ರಲ್ಲಿ ಎಂಜಿನ್ ಹಬೆ ಬಿಟ್ಟಿತು. ಹದಿನೆಂಟು ವರ್ಷ ಹಿಡಿಯಿತು, ನಿಜ. ಒಂದೇ ಸಲಕ್ಕೆ ದೊಡ್ಡ ಮೊತ್ತ ಎತ್ತುವ ಆತುರ ಇದ್ದಿದ್ದರೆ ಮೂರನೇ ವರ್ಷಕ್ಕೇ ಕೈಬಿಡುತ್ತಿದ್ದರೇನೋ.

ಇವೆರಡರ ನಡುವಿನ ವ್ಯತ್ಯಾಸದಲ್ಲೇ ನಮಗೆ ಬೇಕಾದ ವಿಷಯ ಇರೋದು. ಗಾಬರಿಯಲ್ಲಿ ಎತ್ತಿದ ಹಣ ಅವತ್ತಿನ ಗಂಡಾಂತರ ದಾಟಿಸುತ್ತೆ. ಅಭ್ಯಾಸವಾಗಿ ಬರುವ ಸಣ್ಣ ಹಣ ಬರಗಾಲ ದಾಟಿಸುತ್ತೆ. ಬಿಲ್ಲು ಎರಡು ಪಟ್ಟಾದ ಮನೆಯಲ್ಲಿ ನೂರು ಪೌಂಡ್ ಕೊಡೋ ಶಕ್ತಿ ಇರೋದಿಲ್ಲ. ಆದರೆ ಹತ್ತು ವರ್ಷದಿಂದ ತಿಂಗಳಿಗೆ ಐದು ಪೌಂಡ್ ಕೊಡ್ತಾ ಬಂದವರು ಅದನ್ನು ಕೊನೆಗೆ ಕತ್ತರಿಸೋ ಖರ್ಚಿನ ಸಾಲಿಗೆ ಇಟ್ಟಿರ್ತಾರೆ. ಅದು ಅವರಿಗೆ ದಾನ ಅನಿಸೋದೇ ಇಲ್ಲ, ತಮ್ಮ ರೈಲಿನ ಪಾಲು ಅನಿಸುತ್ತೆ. ಅಲ್ಲಿ ಇನ್ನೊಂದು ಅನುಕೂಲವೂ ಇದೆ. ತೆರಿಗೆ ಕಟ್ಟುವವರು ನೋಂದಾಯಿತ ದತ್ತಿ ಸಂಸ್ಥೆಗೆ ಒಂದು ಪೌಂಡ್ ಕೊಟ್ಟರೆ, ಸಂಸ್ಥೆಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಬರುತ್ತೆ.

ಹಾಗಾದರೆ ತುರ್ತು ಮನವಿಗೆ ಜಾಗ ಇಲ್ಲವಾ? ಇದೆ. ಸೆವೆರ್ನ್ ವ್ಯಾಲಿಯನ್ನೇ ನೋಡಿ. ಹದಿನಾರು ಮೈಲಿ ಮಾರ್ಗ. 2007ರ ಮಳೆಗೆ ಹಲವು ಕಡೆ ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಗಿ, ಪೂರ್ತಿ ಮಾರ್ಗ ತೆರೆಯೋಕೆ 2008ರ ಮಾರ್ಚ್ ಆಯಿತು. 2020ರಲ್ಲಿ ಕೋವಿಡ್. 2023ರಲ್ಲಿ ಉಳಿವಿಗಾಗಿಯೇ ಒಂದು ನಿಧಿ ತೆರೆಯಬೇಕಾಯಿತು. 2025ರ ಜನವರಿಯಲ್ಲಿ ಬ್ರಿಜ್‌ನಾರ್ತ್ ಹತ್ತಿರ ಏರಿ ಕುಸಿಯಿತು, ಮತ್ತೆ ಮನವಿ. ಎಷ್ಟು ಸಲ ಅಂತ ಕೇಳೋದು? ಮೇಲಿಂದ ಮೇಲೆ "ಈ ಸಲ ಕೊಡದಿದ್ದರೆ ಮುಚ್ಚೇ ಹೋಗ್ತೀವಿ" ಅಂದರೆ, ತೋಳ ಬಂತು ತೋಳ ಅನ್ನೋ ಕಥೆ ಆಗುತ್ತೆ. ಅದಕ್ಕೆ ತುರ್ತು ಮನವಿಯಲ್ಲಿ ಮೂರು ಸಂಗತಿ ಇರಲೇಬೇಕು: ಏನು ಹಾಳಾಗಿದೆ, ಎಷ್ಟು ಬೇಕು, ಯಾವತ್ತಿಗೆ ಮುಗಿಯುತ್ತೆ. ಕುಸಿದ ಏರಿಯ ಫೋಟೊ ತೋರಿಸಿ ಕೇಳಿದ ದುಡ್ಡಿಗೆ, ಕಟ್ಟಿ ಮುಗಿಸಿದ ಏರಿಯ ಫೋಟೊನೇ ರಸೀದಿ.

ಹಣದ ಲೆಕ್ಕ ಎಲ್ಲಿಡ್ತೀರಿ ಅನ್ನೋದೂ ಅಷ್ಟೇ ಮುಖ್ಯ. ವೇಲ್ಸ್‌ನ ಲ್ಯಾಂಗೋಲೆನ್ ರೈಲ್ವೆಯಲ್ಲಿ ರೈಲು ನಡೆಸುತ್ತಿದ್ದ ಕಂಪನಿ ಬೇರೆಯವರ ಎಂಜಿನ್ ರಿಪೇರಿ ಗುತ್ತಿಗೆಗಳನ್ನೂ ಹಿಡಿದಿತ್ತು. ಸಾಲ ಬೆಳೆದು 2021ರಲ್ಲಿ ಕಂಪನಿ ದಿವಾಳಿಯ ದಾರಿ ಹಿಡಿಯಿತು. ಆದರೆ ಜೊತೆಯಲ್ಲಿ ಬೇರೆಯಾಗಿಯೇ ಒಂದು ದತ್ತಿ ಟ್ರಸ್ಟ್ ಇತ್ತು. ಕಂಪನಿ ಮುಳುಗಿದರೂ ಟ್ರಸ್ಟ್ ಉಳಿಯಿತು. ಸ್ವಯಂಸೇವಕರು ಮತ್ತೆ ನಿಂತರು, ಅದೇ ವರ್ಷ ರೈಲು ಓಡಿತು, 2023ರಲ್ಲಿ ಕಾರ್ವೆನ್ ಊರಿನವರೆಗೂ ಹೋಯಿತು. ವ್ಯಾಪಾರದ ಗಲ್ಲಾ ಬೇರೆ, ಚಂದಾ ಹುಂಡಿ ಬೇರೆ ಅಂತ ನಮ್ಮಲ್ಲೂ ತಿಳಿದವರು ಹೇಳ್ತಾರಲ್ಲ, ಅದೇ.

ಈಗ ಮೊದಲಿನ ಪ್ರಶ್ನೆ. ಜನ ಚಳಿಯಲ್ಲಿ ನಡುಗುವಾಗ ಹಳೇ ಎಂಜಿನ್ನಿಗೆ ಕೇಳೋದು ಸರಿಯಾ? ನನ್ನ ಅಭಿಪ್ರಾಯ ಹೇಳ್ತೀನಿ, ನೀವು ಒಪ್ಪಬೇಕಂತೇನಿಲ್ಲ. ಕೇಳೋದು ತಪ್ಪಲ್ಲ. ಅನ್ನದ ಜೊತೆ ಪೈಪೋಟಿಗೆ ಬಿದ್ದ ಹಾಗೆ ಕೇಳೋದು ತಪ್ಪು. ಇಲ್ಲದವರ ಹತ್ತಿರ ದುಡ್ಡು ಕೇಳಬೇಡಿ, ಭಾನುವಾರ ಕೇಳಿ. ಒಂದು ಭಾನುವಾರ ಬಂದು ಬೋಗಿಗೆ ಬಣ್ಣ ಹೊಡೆದು ಹೋದವರು ಸಂಘಕ್ಕೆ ಕೂಲಿ ಉಳಿಸಿಕೊಟ್ಟಿರ್ತಾರೆ. ಅಷ್ಟೇ ಅಲ್ಲ, ಕೆಲಸ ಹೋಗಿ ಮನೆಯಲ್ಲಿ ಕೂತವರಿಗೆ, ಸಂಗಾತಿ ತೀರಿಹೋದ ವಯಸ್ಸಾದವರಿಗೆ ಹೋಗೋಕೆ ಒಂದು ಜಾಗ, ಮಾಡೋಕೆ ಒಂದು ಕೆಲಸ, ಕುಡಿಯೋಕೆ ನಾಲ್ಕು ಜನರ ಜೊತೆ ಒಂದು ಟೀ ಸಿಗುತ್ತೆ. ಕಷ್ಟಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ರೈಲು ಬಂದರೆ ಊರಿನ ಹೋಟೆಲ್ಲು, ಅಂಗಡಿಗಳಿಗೂ ನಾಲ್ಕು ಕಾಸು ಬರುತ್ತೆ. ಆ ಅಂಗಡಿಯವರ ಹತ್ತಿರ ಧಾರಾಳವಾಗಿ ಕೇಳಬಹುದು.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಹಳಿಯೂ ಎಂಜಿನ್ನೂ ಸರ್ಕಾರದ್ದು. 1979ರಲ್ಲಿ ಶುರುವಾದ ಮೈಸೂರಿನ ರೈಲು ಮ್ಯೂಸಿಯಂ ಆಗಲಿ, ನೀಲಗಿರಿ ಬೆಟ್ಟದ ರೈಲಾಗಲಿ ನೋಡಿಕೊಳ್ಳೋದು ರೈಲ್ವೆ ಇಲಾಖೆ. ಆದರೂ ಯಲಹಂಕ ಚಿಕ್ಕಬಳ್ಳಾಪುರ ದಾರಿಯಲ್ಲಿ ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ ಹಾಲ್ಟ್‌ನ ಹಳೇ ನಿಲ್ದಾಣ ಕಟ್ಟಡಗಳನ್ನು ಉಳಿಸೋಕೆ ಇನ್‌ಟ್ಯಾಕ್ ಸಂಸ್ಥೆ ರೈಲ್ವೆ ಜೊತೆ ಕೈಜೋಡಿಸಿತು. ಕಟ್ಟಡಕ್ಕೆ ಸುಣ್ಣ ಬಳಿಯೋದು ಒಂದು ಸಲದ ಕೆಲಸ. ಆಮೇಲೆ ಮಾಡಿನ ಹೆಂಚು ಬದಲಾಯಿಸೋರು ಯಾರು, ಬಾಗಿಲು ತೆಗೆದು ಕಸ ಗುಡಿಸೋರು ಯಾರು ಅನ್ನೋ ಪ್ರಶ್ನೆ ಪ್ರತಿ ವರ್ಷ ಬರುತ್ತೆ. ಊರಿನ ಹಳೇ ಶಾಲೆ, ಗ್ರಂಥಾಲಯ, ರಂಗಮಂದಿರ ಯಾವುದಕ್ಕಾದರೂ ಇದೇ ಪ್ರಶ್ನೆ.

ಹಾಗಾಗಿ ನಿಮ್ಮ ಊರಲ್ಲಿ ಏನಾದರೂ ಉಳಿಸೋಕೆ ಹೊರಟಿದ್ದರೆ, ಉದ್ಘಾಟನೆಗೆ ಯಾರನ್ನು ಕರೆಯೋಣ ಅನ್ನೋದಕ್ಕೆ ಮುಂಚೆ ಒಂದು ಲೆಕ್ಕ ಮಾಡಿ. ತಿಂಗಳಿಗೆ ಐವತ್ತು ರೂಪಾಯಿ, ಹತ್ತು ವರ್ಷ ಬಿಡದೆ ಕೊಡುವವರು ಎಷ್ಟು ಜನ ಸಿಗ್ತಾರೆ? ಇನ್ನೂರು ಜನ ಸಿಕ್ಕರೆ ತಿಂಗಳಿಗೆ ಹತ್ತು ಸಾವಿರ. ಅಷ್ಟರಲ್ಲಿ ನಡೆಯುವಷ್ಟನ್ನೇ ಮೊದಲು ಕೈಗೆತ್ತಿಕೊಳ್ಳಿ. ಲೆಕ್ಕವನ್ನು ಬಾಗಿಲಿಗೇ ಅಂಟಿಸಿ. ಬರಗಾಲ ಬಂದೇ ಬರುತ್ತೆ, ಆಗ ಆ ಇನ್ನೂರು ಜನ ನಿಮ್ಮ ಜೊತೆ ಇರ್ತಾರೆ.

ನಿಮ್ಮ ಊರಲ್ಲಿ ಹೀಗೆ ಜನರೇ ಸೇರಿ ಉಳಿಸಿಕೊಂಡಿದ್ದು ಏನಾದರೂ ಇದ್ದರೆ ನಮಗೆ ಬರೆದು ತಿಳಿಸಿ.