ಟಿಕೆಟ್ ಕೊಟ್ಟವರನ್ನ ಯಾರು ಕೇಳ್ತಾರೆ?

ಹೆಗ್ಗದ್ದೆಯಿಂದ ಮಾತಾಡ್ತಾ ಇದ್ದೀನಿ. ಹಿಂದುಗಡೆ ಮಳೆ ಸದ್ದು ಕೇಳಿಸಿದ್ರೆ ಸ್ವಲ್ಪ ಹೊಂದಿಕೊಳ್ಳಿ. ನಮ್ಮ ಸಕಲೇಶಪುರ ಕಡೆ ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗೆ ಸಿಗೋ ಹೊತ್ತು ನೋಡ್ಕೊಂಡೇ ರೆಕಾರ್ಡ್ ಮಾಡ್ಬೇಕು.

ಇವತ್ತಿನ ವಿಷಯ ಟಿಕೆಟ್. ಬಸ್ ಟಿಕೆಟ್ ಅಲ್ಲ, ಚುನಾವಣೆ ಟಿಕೆಟ್.

ಅಮೆರಿಕದಲ್ಲಿ ಪ್ರೈಮರಿ ಅಂತ ಒಂದು ಪದ್ಧತಿ ಇದೆ. ಒಂದು ಪಕ್ಷದಿಂದ ಯಾರು ನಿಲ್ಲಬೇಕು ಅನ್ನೋದನ್ನ ಮತದಾರರೇ ಮೊದಲು ಓಟು ಹಾಕಿ ತೀರ್ಮಾನ ಮಾಡ್ತಾರೆ. ಅಲ್ಲಿ ಒಂದೇ ಪಕ್ಷದವರು ಒಬ್ಬರ ಮೇಲೊಬ್ಬರು ಬೀಳ್ತಾರೆ. ನಿನಗೆ ದುಡ್ಡು ಕೊಟ್ಟವರು ಯಾರು, ನೀನು ಯಾರ ಜೊತೆ ಓಡಾಡ್ತೀಯ, ಮೊನ್ನೆ ಬೈದವರನ್ನ ಇವತ್ತು ಯಾಕೆ ಹೊಗಳ್ತೀಯ ಅಂತ. ಜಗಳ ಕೊಳಕಾಗಿಯೇ ಇರುತ್ತೆ, ಆದ್ರೆ ಬೀದಿಯಲ್ಲಿ ನಡೆಯುತ್ತೆ. ಜನಕ್ಕೆ ಕಾಣುತ್ತೆ.

ನಮ್ಮಲ್ಲೂ ಒಂದು ಸಲ ಇದನ್ನ ಮಾಡಿ ನೋಡಿದ್ರು, ಗೊತ್ತಾ? 2014ರ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್‌ನವರು ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಿದ್ರು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ಮತ್ತೆ ನಾವು ಶಿರಾಡಿ ಘಾಟಿ ಇಳಿದ್ರೆ ಸಿಗೋ ದಕ್ಷಿಣ ಕನ್ನಡ. ಅಲ್ಲಿ ಜನಾರ್ದನ ಪೂಜಾರಿಯವರಿಗೂ ವೀರಪ್ಪ ಮೊಯಿಲಿ ಅವರ ಮಗ ಹರ್ಷ ಮೊಯಿಲಿಗೂ ಪೈಪೋಟಿ. ಪೂಜಾರಿ ಗೆದ್ರು, ಆಮೇಲೆ ನಿಜವಾದ ಚುನಾವಣೆಯಲ್ಲಿ ಸೋತ್ರು. ಓಟು ಇದ್ದಿದ್ದು ಪಕ್ಷದ ಆಯ್ದ ಪ್ರತಿನಿಧಿಗಳಿಗೆ ಮಾತ್ರ, ನನ್ನ ನಿಮ್ಮಂಥೋರಿಗೆ ಅಲ್ಲ. ಆ ಪ್ರಯೋಗ ಅಲ್ಲಿಗೇ ನಿಂತಿತು.

ಹಾಗಾದ್ರೆ ಹಾಸನದಲ್ಲಿ ಟಿಕೆಟ್ ಹೇಗೆ ತೀರ್ಮಾನ ಆಗುತ್ತೆ? ಮುಚ್ಚಿದ ಬಾಗಿಲ ಹಿಂದೆ. ಆದ್ರೆ 2023ರಲ್ಲಿ ಆ ಬಾಗಿಲು ಸ್ವಲ್ಪ ತೆರ್ಕೊಂಡಿತ್ತು.

ಆ ವರ್ಷ ಜನವರಿಯಲ್ಲಿ ಭವಾನಿ ರೇವಣ್ಣ ಅವರು ಹಾಸನ ವಿಧಾನಸಭಾ ಕ್ಷೇತ್ರದ ಜೆಡಿಎಸ್ ಅಭ್ಯರ್ಥಿ ನಾನೇ ಅಂದ್ರು. ಅವರ ಮನೇಲಿ ಆಗ್ಲೇ ಗಂಡ ಶಾಸಕ, ಒಬ್ಬ ಮಗ ಸಂಸದ, ಇನ್ನೊಬ್ಬ ಮಗ ವಿಧಾನ ಪರಿಷತ್ ಸದಸ್ಯ. ಮೈದುನ ಕುಮಾರಸ್ವಾಮಿಯವರು ಆಗಲ್ಲ, ಟಿಕೆಟ್ ಸಾಮಾನ್ಯ ಕಾರ್ಯಕರ್ತನಿಗೆ ಅಂದ್ರು. ಕೇಳೋಕೆ ಚೆನ್ನಾಗಿತ್ತು. ಆದ್ರೆ ಅದೇ ಚುನಾವಣೆಯಲ್ಲಿ ಅವರು ಚನ್ನಪಟ್ಟಣದಿಂದ ನಿಂತ್ರು, ಮಗ ನಿಖಿಲ್ ರಾಮನಗರದಿಂದ. ರಾಮನಗರದಲ್ಲಿ ಅಲ್ಲೀತನಕ ಶಾಸಕಿಯಾಗಿದ್ದವರು ಅವರ ಹೆಂಡತಿ ಅನಿತಾ. ಇನ್ನು ಹಾಸನದಲ್ಲಿ ಕೊನೆಗೆ ಟಿಕೆಟ್ ಸಿಕ್ಕ 'ಸಾಮಾನ್ಯ ಕಾರ್ಯಕರ್ತ' ಸ್ವರೂಪ್ ಪ್ರಕಾಶ್ ಯಾರು? ನಾಲ್ಕು ಸಲ ಶಾಸಕರಾಗಿದ್ದ ಎಚ್.ಎಸ್. ಪ್ರಕಾಶ್ ಅವರ ಮಗ.

ಅವರು ಗೆದ್ರು, ಜನ ಆರಿಸಿದ್ರು, ಅದನ್ನ ತಪ್ಪು ಅಂತ ನಾನು ಹೇಳ್ತಾ ಇಲ್ಲ. ನಾನು ಹೇಳೋದು ಬಳಸಿದ ಮಾತಿನ ಬಗ್ಗೆ. ಬೇರೆಯವರ ಮನೆಯದ್ದು ಕುಟುಂಬ ರಾಜಕಾರಣ, ನಮ್ಮ ಮನೆಯದ್ದು ಕಾರ್ಯಕರ್ತರ ಒತ್ತಾಯ! ಕಾಂಗ್ರೆಸ್‌ನವರೂ ಇದಕ್ಕೆ ಹೊರತಲ್ಲ. ದೇವೇಗೌಡರ ಕುಟುಂಬದ ವಿರುದ್ಧ ಅವರು ಲೋಕಸಭೆಗೆ ನಿಲ್ಲಿಸಿದ ಶ್ರೇಯಸ್ ಪಟೇಲ್, 1999ರಲ್ಲಿ ದೇವೇಗೌಡರನ್ನೇ ಸೋಲಿಸಿದ್ದ ಜಿ. ಪುಟ್ಟಸ್ವಾಮಿಗೌಡರ ಮೊಮ್ಮಗ.

ಇನ್ನೊಂದು ಕತೆ ಕೇಳಿ. 2019ರ ಲೋಕಸಭಾ ಚುನಾವಣೆಯಲ್ಲಿ ಪ್ರಜ್ವಲ್ ರೇವಣ್ಣ ವಿರುದ್ಧ ಬಿಜೆಪಿಯಿಂದ ನಿಂತವರು ಎ. ಮಂಜು. ಸ್ವಲ್ಪ ಹಿಂದೆ ಅವರು ಕಾಂಗ್ರೆಸ್ ಸರ್ಕಾರದಲ್ಲಿ ಮಂತ್ರಿ. ಸೋತ ಮೇಲೆ, ಪ್ರಜ್ವಲ್ ಅಫಿಡವಿಟ್‌ನಲ್ಲಿ ಆಸ್ತಿ ಮುಚ್ಚಿಟ್ಟಿದ್ದಾರೆ ಅಂತ ಹೈಕೋರ್ಟ್‌ಗೆ ಹೋದ್ರು. 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಪ್ರಜ್ವಲ್ ಆಯ್ಕೆಯನ್ನ ಅಸಿಂಧು ಮಾಡ್ತು. ಅಷ್ಟೊತ್ತಿಗೆ ಎ. ಮಂಜು ಎಲ್ಲಿದ್ರು? ಜೆಡಿಎಸ್‌ನಲ್ಲಿ, ಅರಕಲಗೂಡು ಶಾಸಕರಾಗಿ. ಅಂದ್ರೆ ಕೇಸ್ ಹಾಕಿದವರು, ಕೇಸ್ ಹಾಕಿಸ್ಕೊಂಡವರು ಒಂದೇ ಪಕ್ಷ! ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಡ್ತು. ಅದೇ ತಿಂಗಳು ಬಿಜೆಪಿ-ಜೆಡಿಎಸ್ ಮೈತ್ರಿಯೂ ಆಯ್ತು.

ನಮ್ಮ ಸಕಲೇಶಪುರ ಕ್ಷೇತ್ರವನ್ನೇ ನೋಡಿ. 2023ರ ಮೇನಲ್ಲಿ ಬಿಜೆಪಿಯ ಸಿಮೆಂಟ್ ಮಂಜು ಅವರು ಜೆಡಿಎಸ್‌ನ ಎಚ್.ಕೆ. ಕುಮಾರಸ್ವಾಮಿಯವರನ್ನ ಸುಮಾರು 2,000 ಮತಗಳಲ್ಲಿ ಸೋಲಿಸಿದ್ರು. ಆ ಚುನಾವಣೆಗೆ ಒಂದೇ ಊರಿನ ಹುಡುಗ್ರು ಮಾತು ಬಿಟ್ಟಿದ್ರು. ವರ್ಷ ತುಂಬೋದ್ರೊಳಗೆ ಎರಡೂ ಕಡೆಯವರು ಒಂದೇ ಜೀಪು ಹತ್ತಿ ಒಬ್ಬರಿಗೇ ಓಟು ಕೇಳ್ಬೇಕಾಯ್ತು. ನಾಯಕರು ಬೇಗ ಒಂದಾದ್ರು. ಹುಡುಗ್ರಲ್ಲಿ ಕೆಲವರು ಇನ್ನೂ ಮಾತಾಡ್ತಾ ಇಲ್ಲ.

ಈಗ 2024ಕ್ಕೆ ಬರ್ತೀನಿ. ಇದನ್ನ ಹೇಳೋಕೆ ನನಗೆ ಕಷ್ಟ.

ಮೈತ್ರಿ ಅಭ್ಯರ್ಥಿಯಾಗಿ ಪ್ರಜ್ವಲ್‌ಗೇ ಟಿಕೆಟ್ ಸಿಕ್ತು. ಏನೂ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ತಮ್ಮ ಬಗ್ಗೆ ವಿಡಿಯೊ ಪ್ರಸಾರ ಮಾಡಬಾರದು ಅಂತ ಅವರು 2023ರ ಜೂನ್‌ನಲ್ಲೇ ಮಾಧ್ಯಮಗಳ ಮೇಲೆ ಕೋರ್ಟ್ ತಡೆಯಾಜ್ಞೆ ತಂದಿದ್ರು. ಹೊಳೆನರಸೀಪುರದಲ್ಲಿ ಬಿಜೆಪಿಯಿಂದ ನಿಂತಿದ್ದ ದೇವರಾಜೇಗೌಡರು, ಈ ವಿಡಿಯೊಗಳ ಬಗ್ಗೆ ಡಿಸೆಂಬರ್‌ನಲ್ಲೇ ತಮ್ಮ ಪಕ್ಷಕ್ಕೆ ಪತ್ರ ಬರೆದು ಎಚ್ಚರಿಸಿದ್ದೆ ಅಂತ ಆಮೇಲೆ ಹೇಳಿದ್ರು. ಆದ್ರೂ ಟಿಕೆಟ್ ಆಯ್ತು.

ಏಪ್ರಿಲ್ 26 ಮತದಾನ. ಅದಕ್ಕೆ ಕೆಲವು ದಿನ ಮುಂಚೆ ಜಿಲ್ಲೆ ತುಂಬ ಪೆನ್‌ಡ್ರೈವ್ ಹಂಚಿಕೆಯಾಯ್ತು. ಹೆಣ್ಣುಮಕ್ಕಳ ಮುಖ ಮರೆಮಾಡದೆ. ಮತದಾನ ಮುಗಿದ ಬೆನ್ನಲ್ಲೇ ಅಭ್ಯರ್ಥಿ ಜರ್ಮನಿಗೆ ಹೋದ್ರು. ಅಲ್ಲೀತನಕ ಜೊತೆ ನಿಂತು ಓಟು ಕೇಳಿದವರೆಲ್ಲ ಒಂದೇ ವಾರದಲ್ಲಿ ನಮಗೂ ಇದಕ್ಕೂ ಸಂಬಂಧ ಇಲ್ಲ ಅಂದ್ರು. ಏಪ್ರಿಲ್ 30ಕ್ಕೆ ಜೆಡಿಎಸ್ ಅಮಾನತು ಮಾಡ್ತು. ಜೂನ್ 4ರ ಫಲಿತಾಂಶದಲ್ಲಿ ಶ್ರೇಯಸ್ ಪಟೇಲ್ 42,000ಕ್ಕೂ ಹೆಚ್ಚು ಮತಗಳಿಂದ ಗೆದ್ರು. ಮನೆಗೆಲಸದ ಮಹಿಳೆಯೊಬ್ಬರು ಕೊಟ್ಟ ದೂರಿನಲ್ಲಿ 2025ರ ಆಗಸ್ಟ್ 2ರಂದು ವಿಶೇಷ ನ್ಯಾಯಾಲಯ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ಕೊಡ್ತು. ಅದರ ವಿರುದ್ಧ ಅವರು ಹೈಕೋರ್ಟ್‌ಗೆ ಹೋಗಿದ್ದಾರೆ.

ಈಗ ನನ್ನ ವಿಷಯ. ಆ ಏಪ್ರಿಲ್‌ನಲ್ಲಿ ನಮ್ಮೂರ ಹುಡುಗರ ಗ್ರೂಪ್‌ನಲ್ಲಿ ಒಬ್ಬ 'ಲಿಂಕ್ ಇದ್ರೆ ಹಾಕ್ರೋ' ಅಂತ ಬರೆದ. ನಗೋ ಇಮೋಜಿಗಳು ಸಾಲಾಗಿ ಬಂದ್ವು. ನಾನು ಲಿಂಕ್ ಹಾಕಲಿಲ್ಲ, ಆದ್ರೆ ಬೇಡ ಕಣ್ರೋ ಅಂತಲೂ ಹೇಳಲಿಲ್ಲ. ಸುಮ್ನೆ ನೋಡ್ತಾ ಕೂತೆ. ಅದೇ ನಾನು ಮಾರನೇ ದಿನ ಸ್ಟೇಟಸ್‌ನಲ್ಲಿ ರಾಜಕಾರಣಿಗಳ ಇಬ್ಬಗೆ ನಡವಳಿಕೆ ಬಗ್ಗೆ ನಾಲ್ಕು ಸಾಲು ಬರೆದೆ! ಅಂಥ ವಿಡಿಯೊ ಇಟ್ಟುಕೊಳ್ಳೋದು, ಹಂಚೋದು ಅಪರಾಧ ಅಂತ ಆಮೇಲೆ ಎಸ್‌ಐಟಿ ಎಚ್ಚರಿಸಿತು. ಅದು ತಪ್ಪು ಅಂತ ಗೊತ್ತಾಗೋಕೆ ನನಗೆ ಎಸ್‌ಐಟಿ ಬೇಕಿತ್ತಾ?

ತೋಟದ ಲೈನ್ ಮನೆಯಲ್ಲಿರೋ ಅಕ್ಕ ಒಬ್ಬರು ಆ ದಿನಗಳಲ್ಲಿ ನನ್ನ ಕೇಳಿದ್ರು, "ಇನ್ಮೇಲೆ ಒಂದು ಅರ್ಜಿ ಹಿಡ್ಕಂಡು ಯಾರ ಮನೆ ಬಾಗ್ಲಿಗೆ ಹೋಗಾದು ಹೇಳಪ್ಪ? ಹೋದ್ರೆ ಊರೋರು ಏನಂತಾರೆ?" ನನ್ನ ಹತ್ರ ಉತ್ತರ ಇರಲಿಲ್ಲ. ಆನೆ ತುಳಿದ ಗದ್ದೆಗೆ ಪರಿಹಾರ, ರೇಷನ್ ಕಾರ್ಡು, ಮಗಳ ಹಾಸ್ಟೆಲ್ ಸೀಟು, ಎಲ್ಲಕ್ಕೂ ಇಲ್ಲಿ ಒಬ್ಬ ನಾಯಕರ ಮನೆ ಬಾಗಿಲು ಬೇಕು. ಟಿಕೆಟ್ ಯಾರಿಗೆ ಅನ್ನೋದು ಆ ಅಕ್ಕ ಯಾರ ಬಾಗಿಲಿಗೆ ಹೋಗ್ಬೇಕು ಅನ್ನೋ ತೀರ್ಮಾನವೂ ಹೌದು.

ಹಾಗಾದ್ರೆ ನಾವೇನು ಮಾಡ್ಬಹುದು? ನಮಗೆ ಪ್ರೈಮರಿ ಇಲ್ಲ, ಆದ್ರೆ ಕೈಯಲ್ಲಿ ಫೋನ್ ಇದೆ.

2020ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಹೇಳಿದೆ: ಕ್ರಿಮಿನಲ್ ಕೇಸ್ ಇರೋರಿಗೆ ಟಿಕೆಟ್ ಕೊಟ್ರೆ, ಯಾಕೆ ಕೊಟ್ಟೆವು, ಕೇಸ್ ಇಲ್ಲದವರು ಯಾಕೆ ಸಿಗಲಿಲ್ಲ ಅಂತ ಪಕ್ಷ ಕಾರಣ ಬರೆದು ಪ್ರಕಟಿಸಬೇಕು. ಗೆಲ್ಲೋ ಕುದುರೆ ಅನ್ನೋದಷ್ಟೇ ಕಾರಣ ಆಗೋ ಹಾಗಿಲ್ಲ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಅಭ್ಯರ್ಥಿಯ ಕೇಸ್‌ಗಳ ವಿವರ, ಅಫಿಡವಿಟ್ ಸಿಗುತ್ತೆ. ಆಸ್ತಿ, ಸಾಲ, ಕೇಸು, ಎಲ್ಲ ಅದರಲ್ಲಿದೆ. ಹತ್ತು ನಿಮಿಷದ ಓದು.

ಆದ್ರೆ ಅಫಿಡವಿಟ್‌ನಲ್ಲಿ ಸಹವಾಸದ ಕಾಲಂ ಇರಲ್ಲ. ಅದನ್ನ ನಾವು ಬಾಯಿಬಿಟ್ಟೇ ಕೇಳ್ಬೇಕು. ಮನೆಗೆ ಓಟು ಕೇಳೋಕೆ ಬಂದಾಗ ಕಾಫಿ ಕೊಡಿ, ಕೂರಿಸಿ ಕೇಳಿ: "ಅಣ್ಣಾ, ಹೋದ ಸಲ ಇವರನ್ನ ನೀವೇ ಬೈತಿದ್ರಲ್ಲ, ಈಗ ಏನು ಬದಲಾಯ್ತು?" ಇನ್ನೊಂದು ಮಾತು. ಈ ಪ್ರಶ್ನೆನ ನಮಗಾಗದ ಪಕ್ಷದವರಿಗೆ ಮಾತ್ರ ಕೇಳೋದಲ್ಲ, ನಾವು ಓಟು ಹಾಕೋ ಪಕ್ಷದವರಿಗೆ ಮೊದಲು ಕೇಳ್ಬೇಕು. ಇಲ್ಲಾಂದ್ರೆ ನಾವೂ ಅವರೂ ಒಂದೇ.

ನಾನು ಮಾಡಿದ್ದು ಇಷ್ಟೇ. ತಡವಾಗಿಯಾದ್ರೂ ಆ ಗ್ರೂಪ್‌ನಲ್ಲಿ, ಅವತ್ತು ನಾನು ಸುಮ್ನಿದ್ದಿದ್ದು ತಪ್ಪು ಅಂತ ಬರೆದೆ. ಇಬ್ಬರು ಗ್ರೂಪ್ ಬಿಟ್ರು. ಒಬ್ಬ ಮಾತ್ರ ರಾತ್ರಿ ಫೋನ್ ಮಾಡಿ, "ನಾನೂ ಸುಮ್ನಿದ್ದೆ ಮಾರಾಯ" ಅಂದ.

ಮುಂದಿನ ಚುನಾವಣೆ ಪಂಚಾಯಿತಿಯದ್ದೇ ಇರಲಿ, ವಿಧಾನಸಭೆಯದ್ದೇ ಇರಲಿ, ಟಿಕೆಟ್ ಮಾತು ಶುರುವಾದ ದಿನವೇ ನಾವೂ ಮಾತು ಶುರು ಮಾಡೋಣ. ಮುಂದಿನ ವಾರ ಸಿಗ್ತೀನಿ.