ಘಟ್ಟ ಇಳಿಯುವ ಸರಕಿಗೆ ರಸ್ತೆಯೊಂದೇ ದಾರಿಯೇ?

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಘಟ್ಟದ ರಸ್ತೆಗಳ ಅಗಲೀಕರಣದ ಪ್ರಸ್ತಾಪ ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ಸರಕು ಬಂದರಿಗೆ ತಲುಪಬೇಕಾದರೆ ಗುಡ್ಡ ಕಡಿಯಲೇಬೇಕು. ಇದನ್ನು ಕೇವಲ ಭಾವಾವೇಶದಿಂದ ಎದುರಿಸಿದರೆ ಸಾಲದು. ಸರಕು ಹೇಗೆ ಚಲಿಸುತ್ತದೆ, ಅದರ ವೆಚ್ಚ ಎಲ್ಲಿ ಬೀಳುತ್ತದೆ ಎಂಬುದನ್ನು ನಾವೇ ಅರಿತಿರಬೇಕು.

ಲಾರಿ, ರೈಲು, ಹಡಗುಗಳನ್ನು ಒಂದೇ ಸರಪಳಿಯಾಗಿ ಜೋಡಿಸಿ ಸರಕು ಒಯ್ಯುವುದನ್ನು ಬಹುವಿಧ ಸಾಗಣೆ ಎನ್ನುತ್ತಾರೆ. ಮಲೆನಾಡಿಗೆ ಇದು ಹೊಸತಲ್ಲ. ನಮ್ಮ ಪೂರ್ವಜರ ಮೆಣಸು, ಅಡಿಕೆಗಳು ಹೇರೆತ್ತಿನ ಮೇಲೆ ಘಟ್ಟ ಇಳಿದು, ದೋಣಿಯಲ್ಲಿ ಹೊಳೆ ದಾಟಿ, ಹಾಯಿಹಡಗು ಏರುತ್ತಿದ್ದವು. ಆದರೆ ಪ್ರತಿ ಹಂತದಲ್ಲಿಯೂ ಮೂಟೆಯನ್ನು ಇಳಿಸಿ ಏರಿಸಬೇಕಿತ್ತು. ಕೂಲಿ, ಕಾಲಹರಣ, ಕಳವು, ಒದ್ದೆ ಇವೆಲ್ಲ ಅಲ್ಲಿಯೇ ಸಂಭವಿಸುತ್ತಿದ್ದವು.

ಈ ತೊಡಕನ್ನು ಬಿಡಿಸಿದ್ದು ಒಂದು ಲೋಹದ ಪೆಟ್ಟಿಗೆ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿಯ 'ಐಡಿಯಲ್ ಎಕ್ಸ್' ಹಡಗು 58 ಕಂಟೇನರುಗಳನ್ನು ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಪೆಟ್ಟಿಗೆಯನ್ನು ತೆರೆಯದೆಯೇ ಲಾರಿಯಿಂದ ಹಡಗಿಗೆ ಎತ್ತಿಡುವ ಈ ಪದ್ಧತಿ ಮುಂದೆ ಜಗತ್ತನ್ನೇ ವ್ಯಾಪಿಸಿತು. ಭಾರತದಲ್ಲಿ 1993ರ ಬಹುವಿಧ ಸಾಗಣೆ ಕಾಯ್ದೆಯು ರಫ್ತು ಸರಕಿಗೆ ಒಂದೇ ದಾಖಲೆ, ಒಬ್ಬನೇ ಹೊಣೆಗಾರ ಎಂಬ ವ್ಯವಸ್ಥೆಯನ್ನು ತಂದಿತು.

ಇಲ್ಲಿ ಗಮನಿಸಬೇಕಾದ ಅಂಶವಿದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಅತ್ಯಲ್ಪ. ಒಂದು ಟನ್ ಸರಕಿಗೆ ರೈಲು ವ್ಯಯಿಸುವ ಇಂಧನ ಲಾರಿಗಿಂತ ಬಹಳ ಕಡಿಮೆ. ಹೀಗಿದ್ದೂ ಬೆಂಗಳೂರು-ಮಂಗಳೂರಿನಂತಹ ಹತ್ತಿರದ ದಾರಿಗಳಲ್ಲಿ ಲಾರಿಯೇ ಗೆಲ್ಲುತ್ತದೆ. ಏಕೆಂದರೆ ಸರಕನ್ನು ನಿಲ್ದಾಣಕ್ಕೆ ಒಯ್ದು ಏರಿಸಿ, ಆ ತುದಿಯಲ್ಲಿ ಇಳಿಸಿ ಮತ್ತೆ ಲಾರಿಗೆ ಹಾಕುವ ಖರ್ಚು, ರೈಲಿನಲ್ಲಾದ ಉಳಿತಾಯವನ್ನು ನುಂಗುತ್ತದೆ. ಆದ್ದರಿಂದ ಘಟ್ಟದ ಭವಿಷ್ಯ ಘಟ್ಟದಲ್ಲಷ್ಟೇ ಅಲ್ಲ, ಅದರ ಮೇಲಿನ ಮತ್ತು ಕೆಳಗಿನ ಸರಕು ವರ್ಗಾವಣೆ ಅಂಗಳಗಳಲ್ಲಿಯೂ ನಿರ್ಧಾರವಾಗುತ್ತದೆ.

ಸಕಲೇಶಪುರ-ಸುಬ್ರಹ್ಮಣ್ಯ ರೈಲುಮಾರ್ಗವನ್ನೇ ನೋಡೋಣ. 55 ಕಿಲೋಮೀಟರಿನಲ್ಲಿ 57 ಸುರಂಗಗಳು; 50 ಅಡಿ ಸಾಗಿದರೆ ಒಂದು ಅಡಿ ಇಳಿಯುವ ಕಡಿದಾದ ಹಾದಿ. 1979ರಲ್ಲಿ ಆರಂಭವಾದ ಈ ಮಾರ್ಗ ಹಳಿ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿತು. ಸರಕು ರೈಲು ಮರಳಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರಲ್ಲಿ. ಅರಣ್ಯ ಈಗಾಗಲೇ ಬೆಲೆ ತೆತ್ತಿರುವ ಈ ಹಳಿಯನ್ನು ಪೂರ್ಣವಾಗಿ ಬಳಸಿಕೊಳ್ಳುವುದು ವಿವೇಕ. ಆದರೆ ಇದು ಏಕಮಾರ್ಗ. ವೇಗ ಮಿತ, ಹೊರೆಯೂ ಮಿತ. 2018ರಲ್ಲಿ, 2024ರಲ್ಲಿ ಭೂಕುಸಿತ ಇದನ್ನೂ ತಡೆದಿತ್ತು. ಎಲ್ಲ ಸರಕನ್ನೂ ಇದು ಹೊರಲಾರದು.

ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿದ 'ರೋ-ರೋ' ಸೇವೆ ಇನ್ನೊಂದು ಮಾದರಿ. ತುಂಬಿದ ಲಾರಿಯೇ ಚಪ್ಪಟೆ ವ್ಯಾಗನ್ ಏರುತ್ತದೆ. ಚಾಲಕನೂ ಅದರೊಂದಿಗೇ ಸಾಗುತ್ತಾನೆ. ಮಹಾರಾಷ್ಟ್ರದ ಕೋಲಾಡದಿಂದ ನಮ್ಮ ಸುರತ್ಕಲ್‌ವರೆಗೆ ಲಾರಿಗಳು ಹೀಗೆ ಬಂದಿವೆ. ನಮ್ಮ ಘಟ್ಟದ ಸುರಂಗಗಳಿಗೆ ಇದು ಹೊಂದುವುದೇ ಎಂಬುದನ್ನು ಅಳೆದು ನೋಡಿ ತೀರ್ಮಾನಿಸಬೇಕು.

ಹಾಗೆಂದು ರೈಲೆಂದರೆ ಪರಿಸರಸ್ನೇಹಿ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಕುದುರೆಮುಖದ ಅದಿರು ಲಾರಿಯನ್ನೇ ಏರದೆ, 67 ಕಿಲೋಮೀಟರ್ ಕೊಳವೆಯಲ್ಲಿ ನೀರಿನೊಡನೆ ಹರಿದು ಮಂಗಳೂರು ಸೇರುತ್ತಿತ್ತು. ಆದರೂ ಭದ್ರೆಯ ಒಡಲಿಗೆ ಹೂಳು ತುಂಬುವುದು ತಪ್ಪಲಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಹುಬ್ಬಳ್ಳಿ-ಅಂಕೋಲಾ ರೈಲು ಯೋಜನೆಗೂ ಮುಖ್ಯ ಸಮರ್ಥನೆಯಾಗಿದ್ದುದು ಬಳ್ಳಾರಿ ಭಾಗದ ಅದಿರು. ಆದರೆ 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಅರಬೈಲು ಘಟ್ಟದ ಅದಿರು ಲಾರಿಗಳ ಸಾಲು ಕರಗಿತು. 2022ರಲ್ಲಿ ರಫ್ತಿಗೆ ಮತ್ತೆ ಅನುಮತಿ ದೊರೆಯಿತು. ಸರಕಿನ ಲೆಕ್ಕ ದಶಕಕ್ಕೊಮ್ಮೆ ತಲೆಕೆಳಗಾಗುತ್ತದೆ; ಕಡಿದ ಘಟ್ಟ ಮಾತ್ರ ಮರಳಿ ಬೆಳೆಯುವುದಿಲ್ಲ.

ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ರಸ್ತೆಗಾಗಿ ಕಡಿದ ಇಳಿಜಾರು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಅಂದು ಎಲ್ಲರೂ ಕಂಡರು.

ಆದ್ದರಿಂದ ಮಿತ್ರರೇ, ಮುಂದೆ ಯಾವುದೇ ಯೋಜನೆಯ ಅಹವಾಲು ಸಭೆ ನಡೆದರೂ ಮೂರು ಪ್ರಶ್ನೆಗಳನ್ನು ಕೇಳಿರಿ. ಈ ದಾರಿಯಲ್ಲಿ ಸಾಗುವ ಸರಕು ಯಾವುದು, ಎಷ್ಟು, ಎಷ್ಟು ಕಾಲದವರೆಗೆ? ಅದರಲ್ಲಿ ಎಷ್ಟನ್ನು ಈಗಿರುವ ಹಳಿ ಹೊರಬಲ್ಲದು? ವರ್ಗಾವಣೆ ಅಂಗಳಕ್ಕೆ ವೆಚ್ಚ ಮಾಡದೆ ಗುಡ್ಡ ಕಡಿಯಲು ಏಕೆ ವೆಚ್ಚ ಮಾಡುತ್ತೀರಿ? ಉತ್ತರವನ್ನು ಲಿಖಿತವಾಗಿ, ಕನ್ನಡದಲ್ಲಿ ಪಡೆಯಿರಿ. ಅಂಕಿಅಂಶಗಳನ್ನು ಓದಿ ಹಿರಿಯರಿಗೆ ವಿವರಿಸುವ ಹೊಣೆ ವಿದ್ಯಾರ್ಥಿಗಳದು. ಯಾವ ಗುಡ್ಡದಲ್ಲಿ ಎಲ್ಲಿ ಒರತೆಯಿದೆ, ಎಲ್ಲಿ ಮಣ್ಣು ಸಡಿಲವಾಗಿದೆ ಎಂಬುದನ್ನು ದಾಖಲಿಸುವ ಹೊಣೆ ಹಿರಿಯರದು. ಎರಡೂ ಕೂಡಿದರೆ ನಮ್ಮ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.